ಮಸಾಲೆ ಹಚ್ಚಿದ ಟ್ರೈ-ಟಿಪ್ ಕೈಕೊಟ್ಟಾಗ: ತಪ್ಪು ಪ್ಯಾಕೆಟ್ಟಿನದೋ, ಬೆಂಕಿಯದೋ?

ಕ್ಯಾಲಿಫೋರ್ನಿಯಾದ ಗ್ರಾಸರಿ ಅಂಗಡಿಗಳಲ್ಲಿ ಮಸಾಲೆ ಹಚ್ಚಿಯೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟ ಬೀಫ್ ರೋಸ್ಟ್ ಸಿಗುತ್ತದೆ. ಬಹಳ ಸಲ ಅದು ಟ್ರೈ-ಟಿಪ್ ಎಂಬ ಮೂರು ಮೂಲೆಯ ತುಂಡು. ಒಳ್ಳೆ ಸ್ಟೇಕ್‌ಗಿಂತ ಅಗ್ಗ. ಮಸಾಲೆ ಅರೆಯುವ ಗೋಜಿಲ್ಲ, ಕವರ್ ಕತ್ತರಿಸಿ ಗ್ರಿಲ್ ಮೇಲೆ ಇಟ್ಟರೆ ಆಯ್ತು ಅಂತ ತರುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ಮಂಗಳೂರು ಕಡೆಯವರ ಬೇಸಿಗೆ ಪಾರ್ಟಿಗಳಲ್ಲಿ ಇದು ಮಾಮೂಲು. ಅದು ಕೆಡುವುದೂ ಅಷ್ಟೇ ಮಾಮೂಲು. ಒಬ್ಬರದು ಕರಕಲು, ಇನ್ನೊಬ್ಬರದು ರಬ್ಬರು, ಮತ್ತೊಬ್ಬರದು ಬಾಯಿಗಿಟ್ಟರೆ ಪಿಚಿಪಿಚಿ.

ಕೆಟ್ಟ ಕೂಡಲೇ ಎಲ್ಲರೂ ಗ್ರಿಲ್ಲನ್ನು ಬೈಯುತ್ತಾರೆ, ಇಲ್ಲವೇ ಗ್ರಿಲ್ ಹತ್ತಿರ ನಿಂತವರನ್ನು. ಆದರೆ ಮಸಾಲೆ ಹಚ್ಚಿದ ಮಾಂಸದಲ್ಲಿ ಎಷ್ಟೋ ದೋಷಗಳು ಬೆಂಕಿ ಹಚ್ಚುವ ಮೊದಲೇ ಒಳಗೆ ಕೂತಿರುತ್ತವೆ. ಯಾವುದು ಪ್ಯಾಕೆಟ್ಟಿನ ತಪ್ಪು, ಯಾವುದು ಬೆಂಕಿಯ ತಪ್ಪು, ಯಾವುದು ಚಾಕುವಿನ ತಪ್ಪು ಅಂತ ಬೇರೆ ಮಾಡಿ ನೋಡದಿದ್ದರೆ ಮುಂದಿನ ವಾರವೂ ಅದೇ ಕತೆ. ಕೆಳಗೆ ಲಕ್ಷಣ ಹಿಡಿದುಕೊಂಡು ಕಾರಣ ಹುಡುಕೋಣ. ಡಿಗ್ರಿ ಎಂದಾಗಲೆಲ್ಲ ಫ್ಯಾರನ್‌ಹೀಟ್, ಇಲ್ಲಿನ ಥರ್ಮಾಮೀಟರುಗಳೆಲ್ಲ ಅದರಲ್ಲೇ ಮಾತಾಡುವುದು.

ಮೊದಲು ತುಂಡು ಯಾವುದು ಗೊತ್ತಿರಲಿ

ಟ್ರೈ-ಟಿಪ್ ಅಂದರೆ ದನದ ಹಿಂಭಾಗದಲ್ಲಿ, ಸೊಂಟದ ಕೆಳಗಿನ ಸರ್ಲಾಯಿನ್ ಭಾಗದಿಂದ ಬರುವ ಮೂರು ಮೂಲೆಯ ಒಂದು ಸ್ನಾಯು. ಒಂದೊಂದು ತುಂಡು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಪೌಂಡ್, ಅಂದರೆ ಸುಮಾರು 700 ಗ್ರಾಮಿನಿಂದ 1.1 ಕಿಲೋ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಇದನ್ನು ಊರಿಗೇ ಹೆಸರು ತರುವಷ್ಟು ಪ್ರಸಿದ್ಧ ಮಾಡಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಮರಿಯಾ. 1950ರ ದಶಕದಲ್ಲಿ ಅಲ್ಲಿನ ಮಾಂಸದಂಗಡಿಯವರು ಇದನ್ನು ಕೈಮಾಗೋ ತುಂಡುಗಳಿಗೋ ಹಾಕದೆ, ಇಡಿಯಾಗಿ ಸುಟ್ಟು ಮಾರಲು ಶುರು ಮಾಡಿದರು. ಬಾಬ್ ಶುಟ್ಜ್ ಎಂಬ ಕಸಾಯಿಯ ಹೆಸರು ಇಲ್ಲಿ ಯಾವಾಗಲೂ ಕೇಳಿಬರುತ್ತದೆ. ಆ ಊರಿನ ಪದ್ಧತಿಯಲ್ಲಿ ಮಸಾಲೆ ಅಂದರೆ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಅಷ್ಟೇ. ಉರಿಗೆ ಅಲ್ಲಿನವರು ರೆಡ್ ಓಕ್ ಅನ್ನುವ ಕಟ್ಟಿಗೆ. ಪಕ್ಕಕ್ಕೆ ಪಿಂಕೀಟೋ ಎಂಬ ಚಿಕ್ಕ ಬೀನ್ಸ್, ಬೆಣ್ಣೆಯಲ್ಲಿ ಅದ್ದಿದ ಬ್ರೆಡ್. ಸಕ್ಕರೆ ಇಲ್ಲ, ಪೈನಾಪಲ್ ರಸ ಇಲ್ಲ, ಟೆರಿಯಾಕಿ ಎಂಬ ಸಿಹಿ ಸೋಯಾ ಸಾಸ್ ಇಲ್ಲ. ಇವತ್ತು ಪ್ಲಾಸ್ಟಿಕ್ಕಿನಲ್ಲಿ ಬರುವುದಕ್ಕೂ ಅದಕ್ಕೂ ತುಂಡು ಮಾತ್ರ ಒಂದೇ, ನಡವಳಿಕೆ ಪೂರ್ತಿ ಬೇರೆ.

ಒಂದು ಎಚ್ಚರಿಕೆ. ಮಸಾಲೆ ಮುಚ್ಚಿಕೊಂಡ ಮಾಂಸ ನೋಡಿದರೆ ಯಾವ ತುಂಡು ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲೇ ಅದೇ ಬಣ್ಣದ ಪ್ಯಾಕೆಟ್ಟಿನಲ್ಲಿ ಸರ್ಲಾಯಿನ್ ಟಿಪ್, ಬಾಲ್ ಟಿಪ್, ಲಂಡನ್ ಬ್ರಾಯಿಲ್, ಚಕ್ ರೋಸ್ಟ್ ಕೂತಿರುತ್ತವೆ. ಸರ್ಲಾಯಿನ್ ಟಿಪ್ ಹೆಸರಿಗಷ್ಟೇ ಸರ್ಲಾಯಿನ್, ಬರುವುದು ತೊಡೆಯಿಂದ. ಲಂಡನ್ ಬ್ರಾಯಿಲ್ ಅಂತ ದನದಲ್ಲಿ ಯಾವ ಭಾಗವೂ ಇಲ್ಲ, ಬಹಳ ಸಲ ಅದು ತೊಡೆಯ ಟಾಪ್ ರೌಂಡ್. ಇವುಗಳಲ್ಲಿ ನೆಣ ಕಡಿಮೆ, ಟ್ರೈ-ಟಿಪ್ಪಿನಷ್ಟು ಮೃದುವಲ್ಲ. ಚಕ್ ಬರುವುದು ಭುಜದಿಂದ, ಅದರ ಕತೆ ಕೆಳಗೆ ಬರುತ್ತದೆ.

ಲೇಬಲ್ಲಿನ ಸಣ್ಣ ಅಕ್ಷರ

ದೋಷ ಯಾವುದೇ ಇರಲಿ, ಕಸದ ಬುಟ್ಟಿಯಿಂದ ಆ ಪ್ಲಾಸ್ಟಿಕ್ ಕವರ್ ಎತ್ತಿ ತನ್ನಿ. ಉತ್ತರ ಅಲ್ಲೇ ಇರುವ ಸಾಧ್ಯತೆ ಜಾಸ್ತಿ.

ಮೊದಲು "ಇಷ್ಟು ಶೇಕಡಾ ದ್ರಾವಣ ಸೇರಿದೆ" ಎಂಬ ಸಾಲು ಹುಡುಕಿ. 10, 12, 15 ಹೀಗೆ ಯಾವುದಾದರೂ ಸಂಖ್ಯೆ ಇರುತ್ತದೆ. ಅಂದರೆ ಸೂಜಿ ಚುಚ್ಚಿಯೋ, ಡ್ರಮ್ಮಿನಲ್ಲಿ ಉರುಳಾಡಿಸಿಯೋ ಉಪ್ಪುನೀರನ್ನು ಮಾಂಸದ ಒಳಗೆ ಕಳಿಸಿದ್ದಾರೆ. ಆಮೇಲೆ ಪದಾರ್ಥಗಳ ಪಟ್ಟಿ. ಅದರಲ್ಲಿ ಸೋಡಿಯಂ ಫಾಸ್ಫೇಟ್ ಇದೆಯಾ ನೋಡಿ. ಸಕ್ಕರೆ, ಬ್ರೌನ್ ಶುಗರ್, ಜೇನು, ಕಾರ್ನ್ ಸಿರಪ್ ಪಟ್ಟಿಯ ಶುರುವಿನಲ್ಲೇ ಇವೆಯಾ ನೋಡಿ, ಏಕೆಂದರೆ ಪಟ್ಟಿಯನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಬರೆಯುತ್ತಾರೆ. ಪಪಾಯಿನ್, ಬ್ರೋಮೆಲಿನ್, ಫೈಸಿನ್ ಎಂಬ ಹೆಸರುಗಳಿವೆಯಾ ನೋಡಿ. ಇವು ಕ್ರಮವಾಗಿ ಪಪ್ಪಾಯಿ, ಅನಾನಸ್, ಅಂಜೂರದಿಂದ ಬರುವ, ಮಾಂಸವನ್ನು ಮೆತ್ತಗೆ ಮಾಡುವ ಕಿಣ್ವಗಳು. ನಮ್ಮ ಕಡೆ ಮಟನ್ನಿಗೆ ಪರಂಗಿಕಾಯಿ ಅರೆದು ಹಚ್ಚುತ್ತಾರಲ್ಲ, ಅದೇ ಕೆಲಸ.

ಇನ್ನೊಂದು ಸಾಲು ತುಂಬಾ ಮುಖ್ಯ: ಯಂತ್ರದಿಂದ, ಬ್ಲೇಡಿನಿಂದ ಅಥವಾ ಸೂಜಿಯಿಂದ ಮೆತ್ತಗೆ ಮಾಡಿದ್ದು ಎಂಬ ಸೂಚನೆ. 2016ರ ಮೇ ತಿಂಗಳಿಂದ ಅಮೆರಿಕದ ಕೃಷಿ ಇಲಾಖೆ ಇಂಥ ಹಸಿ ಬೀಫ್ ಮೇಲೆ ಈ ಮಾತು, ಜೊತೆಗೆ ಎಷ್ಟು ಬೇಯಿಸಬೇಕು ಎಂಬ ಸೂಚನೆ ಕಡ್ಡಾಯ ಮಾಡಿದೆ. ಕಾರಣ ಸರಳ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಹೊರಮೈಯಲ್ಲಿ ಇರುತ್ತದೆ, ಬೆಂಕಿ ತಗುಲಿದರೆ ಸಾಯುತ್ತದೆ. ಸೂಜಿ ಚುಚ್ಚಿದಾಗ ಅದು ಒಳಗೆ ಹೋಗುತ್ತದೆ. ಹಾಗಾಗಿ ಇಂಥ ಪ್ಯಾಕೆಟ್ಟಿಗೆ "ನಾನು ಮೀಡಿಯಂ ರೇರ್, ಅಂದರೆ ಒಳಗೆ ಗುಲಾಬಿ ಇರುವಂತೆ ತಿನ್ನುವವ" ಎಂಬ ಹಠ ಬೇಡ. ಲೇಬಲ್ ಏನು ಹೇಳುತ್ತದೋ ಅಷ್ಟು ಬೇಯಿಸಿ. ಇಡೀ ತುಂಡಿಗೂ ಸರ್ಕಾರ ಹೇಳುವುದು 145 ಡಿಗ್ರಿ, ಇಳಿಸಿದ ಮೇಲೆ 3 ನಿಮಿಷ ಬಿಡುವು. 130–135ಕ್ಕೆ ಇಳಿಸಿ ತಿನ್ನುವವರು ತುಂಬಾ ಜನ ಇದ್ದಾರೆ, ಅದು ಅವರವರ ಆಯ್ಕೆ. ಆದರೆ ಸೂಜಿ ಬಿದ್ದ ಮಾಂಸಕ್ಕೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಆ ಆಯ್ಕೆ ಇಲ್ಲ ಅಂದುಕೊಳ್ಳಿ.

ಗ್ರೇಡ್ ಕೂಡ ನೋಡಿ. ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ಮೂರು ದರ್ಜೆಗಳಲ್ಲಿ ಸೆಲೆಕ್ಟಿನಲ್ಲಿ ನೆಣ ಕಡಿಮೆ. ಅಗ್ಗದ ಮಸಾಲೆ ಪ್ಯಾಕೆಟ್ಟಿನ ಮೇಲೆ ಗ್ರೇಡೇ ಬರೆದಿಲ್ಲ ಅಂದರೆ ಸೆಲೆಕ್ಟ್ ಅಂತಲೇ ತಿಳಿದುಕೊಂಡು ಅಡುಗೆ ಮಾಡುವುದು ಕ್ಷೇಮ.

ಲಕ್ಷಣ: ಹೊರಗೆ ಕರಕಲು, ಒಳಗೆ ಹಸಿ

ಅತಿ ಹೆಚ್ಚು ಕೇಳುವ ದೂರು ಇದೇ. ಇಲ್ಲಿ ಪ್ಯಾಕೆಟ್ ಮತ್ತು ಬೆಂಕಿ ಸೇರಿಕೊಂಡು ಕೆಲಸ ಕೆಡಿಸಿರುತ್ತವೆ.

ಮಾಮೂಲಿ ಸಕ್ಕರೆ 320 ಡಿಗ್ರಿ ಹತ್ತಿರ ಕಂದು ತಿರುಗಲು ಶುರು. ಜೇನು, ಹಣ್ಣಿನ ರಸದಲ್ಲಿರುವ ಫ್ರಕ್ಟೋಸ್ ಅದಕ್ಕೂ ಎಷ್ಟೋ ಮೊದಲೇ, 230ರ ಸುಮಾರಿಗೇ ಬಣ್ಣ ಬದಲಿಸುತ್ತದೆ. ನಿಗಿನಿಗಿ ಕೆಂಡದ ನೇರ ಮೇಲಿನ ಕಂಬಿ 500 ದಾಟಿರುತ್ತದೆ. ಎರಡು ಇಂಚು ದಪ್ಪದ ಮಾಂಸ ಒಳಗೆ ಬೇಯಲು ಅರ್ಧ ಗಂಟೆಗೂ ಜಾಸ್ತಿ ಬೇಕು, ಮೇಲಿನ ಸಕ್ಕರೆ ಸುಟ್ಟುಹೋಗಲು ಕೆಲವೇ ನಿಮಿಷ ಸಾಕು. ಇನ್ನು ಮಸಾಲೆಯಲ್ಲಿ ಎಣ್ಣೆ ಇದ್ದರೆ ಅದು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗಂತ ಉರಿ ಏಳುತ್ತದೆ, ಆ ಉರಿಯ ಮಸಿ ಮಾಂಸಕ್ಕೆ ಅಂಟಿ ಕಹಿಯಾಗುತ್ತದೆ.

ಪರೀಕ್ಷೆ ಸುಲಭ. ಕರಕಲು ಪದರವನ್ನು ಚಾಕುವಿನಿಂದ ಕೆರೆದು ನಾಲಿಗೆಗೆ ಇಟ್ಟು ನೋಡಿ. ಸಿಹಿ ಕಲೆತ ಕಹಿ ಇದ್ದರೆ ಸಕ್ಕರೆ. ಸೀಮೆಎಣ್ಣೆ ದೀಪದ ಮಸಿಯ ಹಾಗೆ ಒಣ ಕಹಿ ಇದ್ದರೆ ಎಣ್ಣೆಯ ಉರಿ.

ಪರಿಹಾರ ಎರಡಕ್ಕೂ ಒಂದೇ. ಮಸಾಲೆ ತೊಳೆಯಬೇಡಿ, ಆದರೆ ಮೇಲೆ ದಪ್ಪಕ್ಕೆ ಕೂತಿರುವುದನ್ನು ಕೈಯಲ್ಲಿ ಸವರಿ ತೆಗೆಯಿರಿ, ಪೇಪರ್ ಟವೆಲ್ಲಿನಲ್ಲಿ ಒತ್ತಿ ಒರೆಸಿ. "ಅಯ್ಯೋ ರುಚಿ ಹೋಗುತ್ತೆ" ಅನ್ನಬೇಡಿ, ಹೋಗಬೇಕಾದ ಉಪ್ಪು ಆಗಲೇ ಒಳಗೆ ಹೋಗಿದೆ. ಆಮೇಲೆ ಗ್ರಿಲ್ಲನ್ನು ಎರಡು ಭಾಗ ಮಾಡಿ. ಇದ್ದಿಲಾದರೆ ಕೆಂಡವೆಲ್ಲ ಒಂದು ಕಡೆಗೆ, ಗ್ಯಾಸಾದರೆ ಒಂದು ಕಡೆಯ ಬರ್ನರ್ ಮಾತ್ರ. ಮಾಂಸ ಬೆಂಕಿ ಇಲ್ಲದ ಕಡೆ, ದಪ್ಪ ತುದಿ ಬೆಂಕಿಯತ್ತ ಮುಖ ಮಾಡಿರಲಿ. ಮುಚ್ಚಳ ಮುಚ್ಚಿ. ಒಳಗಿನ ಶಾಖ 250ರ ಆಸುಪಾಸು ಇದ್ದರೆ ಎರಡು ಪೌಂಡಿನ ತುಂಡಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ನಿಮಗೆ ಬೇಕಾದ ಕೊನೆಯ ಶಾಖಕ್ಕೆ 15 ಡಿಗ್ರಿ ಬಾಕಿ ಇದೆ ಅನ್ನುವಾಗ ಕೆಂಡದ ಮೇಲೆ ತಂದು, ಒಂದೊಂದು ಬದಿಗೂ ಒಂದೆರಡು ನಿಮಿಷ, ಅಲ್ಲೇ ನಿಂತು ತಿರುಗಿಸುತ್ತಾ ಬಣ್ಣ ಕೊಡಿ. ಮೊದಲು ಜೋರು ಉರಿ, ಆಮೇಲೆ ಸಣ್ಣ ಉರಿ ಅನ್ನುವ ಹಳೇ ಕ್ರಮವನ್ನು ಸಕ್ಕರೆ ಮಸಾಲೆಗೆ ಮಾತ್ರ ಮರೆತುಬಿಡಿ.

ಲಕ್ಷಣ: ಬಣ್ಣವೇ ಬರಲಿಲ್ಲ, ಬೂದು ಬೂದು

ಇದು ಮೇಲಿನದಕ್ಕೆ ಉಲ್ಟಾ. ಮಾಂಸ ಬೆಂದಿದೆ, ಆದರೆ ಮೇಲೆ ಬೇಯಿಸಿದ ಆಲೂಗಡ್ಡೆಯ ಹಾಗೆ ಸಪ್ಪೆ. ನೀರು ಇರುವ ತನಕ ಮೇಲ್ಮೈ ನೀರು ಕುದಿಯುವ 212 ಡಿಗ್ರಿ ದಾಟುವುದು ಕಷ್ಟ, ಕಂದು ಬಣ್ಣ ಮತ್ತು ಸುಟ್ಟ ಪರಿಮಳ ಚೆನ್ನಾಗಿ ಬರುವುದು ಸುಮಾರು 285ರ ಮೇಲೆ. ದ್ರಾವಣ ತುಂಬಿದ ಮಾಂಸ ಬೇಯುತ್ತಾ ಬೇಯುತ್ತಾ ನೀರು ಬಿಡುತ್ತಲೇ ಇರುತ್ತದೆ. ಹಾಗಾಗಿ ಒರೆಸುವ ಕೆಲಸ ಎರಡು ಸಲ: ಇಡುವ ಮೊದಲು ಒಂದು ಸಲ, ಕೊನೆಗೆ ಕೆಂಡದ ಮೇಲೆ ತರುವ ಮೊದಲು ಇನ್ನೊಂದು ಸಲ. ಸಮಯ ಇದ್ದರೆ ಹಿಂದಿನ ರಾತ್ರಿಯೇ ಕವರಿನಿಂದ ತೆಗೆದು, ಒರೆಸಿ, ತಟ್ಟೆ ಮೇಲೆ ಜಾಲರಿ ಇಟ್ಟು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮುಚ್ಚದೆ ಇಡಿ. ಬೆಳಿಗ್ಗೆಗೆ ಮೇಲ್ಮೈ ಒಣಗಿರುತ್ತದೆ. ಇದೊಂದು ಮಾಡಿದರೇ ಎಷ್ಟೋ ವ್ಯತ್ಯಾಸ.

ಒರೆಸಿದರೂ ಬಣ್ಣ ಬರಲಿಲ್ಲ, ಗ್ಯಾಸ್ ಗ್ರಿಲ್, ಎಲ್ಲ ಬರ್ನರ್ ಪೂರ್ತಿ ತಿರುಗಿಸಿದರೂ ಶಾಖ 250–300 ದಾಟುತ್ತಿಲ್ಲ. ಆಗ ಮಾಂಸದ ತಪ್ಪಲ್ಲ. ಸಿಲಿಂಡರ್ ಖಾಲಿಯಾಗಿಲ್ಲ ಅಂದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಪ್ರೊಪೇನ್ ಜೋಡಣೆಯಲ್ಲಿ ಸೋರಿಕೆ ತಡೆಯಲು ಒಂದು ಸುರಕ್ಷಾ ವ್ಯವಸ್ಥೆ ಇರುತ್ತದೆ. ಬರ್ನರ್ ಗುಂಡಿ ತೆರೆದಿಟ್ಟು ಸಿಲಿಂಡರ್ ವಾಲ್ವನ್ನು ಗಬಕ್ಕನೆ ತಿರುಗಿಸಿದರೆ ಅದು ಪೈಪ್ ಒಡೆದಿದೆ ಅಂತ ತಿಳಿದು ಗ್ಯಾಸನ್ನು ಸಣ್ಣದಾಗಿ ಮಾತ್ರ ಬಿಡುತ್ತದೆ. ಸರಿ ಮಾಡುವುದು ಹೀಗೆ: ಎಲ್ಲ ಗುಂಡಿ ಬಂದ್, ಸಿಲಿಂಡರ್ ವಾಲ್ವ್ ಬಂದ್, ರೆಗ್ಯುಲೇಟರ್ ಬಿಚ್ಚಿ ಒಂದೆರಡು ನಿಮಿಷ ಬಿಡಿ. ಮತ್ತೆ ಜೋಡಿಸಿ, ಸೋಪಿನ ನೀರು ಸವರಿ ಸೋರಿಕೆ ನೋಡಿ, ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ಮುಚ್ಚಳ ತೆಗೆದಿಟ್ಟೇ ಹೊತ್ತಿಸಿ. ಉರಿ ಸರಿಯಾದರೆ ಹೊಸ ಗ್ರಿಲ್ ಖರ್ಚು ಉಳಿಯಿತು.

ಹಾಗೆಯೇ, ಮುಚ್ಚಳದ ಮೇಲಿರುವ ಮುಳ್ಳನ್ನು ಜಾಸ್ತಿ ನಂಬಬೇಡಿ. ಅದು ತೋರಿಸುವುದು ಮೇಲಿನ ಗಾಳಿಯ ಶಾಖ, ಮಾಂಸ ಕೂತ ಕಂಬಿಯದಲ್ಲ.

ಲಕ್ಷಣ: ಗಟ್ಟಿ, ಎಷ್ಟು ಅಗಿದರೂ ಮುಗಿಯದು

ಇಲ್ಲಿ ಮೂರು ಬೇರೆ ಬೇರೆ ದೋಷಗಳು ಒಂದೇ ಮುಖ ಹೊತ್ತು ಬರುತ್ತವೆ, ಅದಕ್ಕೇ ಜನ ಎಡವುವುದು.

ಉಳಿದ ತುಂಡು ಕೈಗೆತ್ತಿಕೊಳ್ಳಿ. ಮಾಂಸದ ಎಳೆಗಳು ಯಾವ ಕಡೆಗೆ ಓಡುತ್ತಿವೆ ನೋಡಿ. ನೀವು ಕತ್ತರಿಸಿದ ಹೋಳಿನಲ್ಲಿ ಉದ್ದುದ್ದ ದಾರದ ಹಾಗೆ ಎಳೆಗಳು ಕಂಡರೆ, ಕೈಯಲ್ಲಿ ಎಳೆದಾಗ ನಾರುನಾರಾಗಿ ಬಿಚ್ಚಿಕೊಂಡರೆ, ಅದು ಚಾಕುವಿನ ತಪ್ಪು. ಟ್ರೈ-ಟಿಪ್ಪಿನ ತಂಟೆ ಇದೇ, ಎಳೆಗಳು ಒಂದೇ ದಿಕ್ಕಿಗೆ ಇರುವುದಿಲ್ಲ. ಮೂಲೆಯ ಹತ್ತಿರ ತಿರುಗಿಕೊಳ್ಳುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬ್ರೆಡ್ ಕತ್ತರಿಸಿದ ಹಾಗೆ ಕತ್ತರಿಸುತ್ತಾ ಹೋದರೆ ಅರ್ಧ ಮೃದು, ಅರ್ಧ ಹಗ್ಗ. ಒಂದೇ ತುಂಡಿನ ಬಗ್ಗೆ ಮೇಜಿನ ಈ ಕಡೆಯವರು "ಸೂಪರ್" ಅಂತಲೂ ಆ ಕಡೆಯವರು "ಥೂ" ಅಂತಲೂ ಅಂದರೆ ಅನುಮಾನವೇ ಬೇಡ. ಎಳೆ ತಿರುಗುವ ಜಾಗದಲ್ಲಿ ಮೊದಲು ಎರಡು ಭಾಗ ಮಾಡಿ, ಆಮೇಲೆ ಒಂದೊಂದನ್ನೂ ಅದರದರ ಎಳೆಗೆ ಅಡ್ಡಲಾಗಿ, ತೆಳ್ಳಗೆ ಹೆಚ್ಚಿ. ಮಸಾಲೆ ಮೆತ್ತಿಕೊಂಡು ಸುಟ್ಟ ಮೇಲೆ ಎಳೆ ಕಾಣುವುದಿಲ್ಲ. ಆದ್ದರಿಂದ ಹಸಿ ಇರುವಾಗಲೇ ಒರೆಸಿ ನೋಡಿ, ತಿರುವು ಎಲ್ಲಿದೆಯೋ ಅಲ್ಲಿ ಅಂಚಿನಲ್ಲಿ ಚಾಕುವಿನಿಂದ ಒಂದು ಸಣ್ಣ ಗುರುತು ಹಾಕಿಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟರೂ ಆಯ್ತು.

ಅಡ್ಡ ಹೆಚ್ಚಿದರೂ ಗಟ್ಟಿ, ಜೊತೆಗೆ ಒಣಗಿ ಪುಡಿಪುಡಿ, ಮಣೆ ಮೇಲೆ ರಸದ ಹೊಳೆ. ಇದು ಬೆಂಕಿಯ ತಪ್ಪು, ಬೆಂದದ್ದು ಜಾಸ್ತಿ. ಟ್ರೈ-ಟಿಪ್ 150 ದಾಟಿದ ಮೇಲೆ ಬಿಗಿಯುತ್ತಾ ಹೋಗುತ್ತದೆ. ಇಳಿಸಿದ ಮೇಲೂ ಒಳಗಿನ ಶಾಖ 5ರಿಂದ 10 ಡಿಗ್ರಿ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದವರು ಪ್ರತಿ ಸಲ ಇದೇ ಗುಂಡಿಗೆ ಬೀಳುತ್ತಾರೆ. ಥರ್ಮಾಮೀಟರ್ ಸರಿ ಇದೆಯಾ ಅಂತ ಪರೀಕ್ಷಿಸಿ: ಲೋಟ ತುಂಬ ಐಸ್, ಮುಳುಗುವಷ್ಟು ನೀರು, ಚೆನ್ನಾಗಿ ಕಲಕಿ ಮೊನೆ ಅದ್ದಿ. 32 ತೋರಿಸಬೇಕು. 38 ತೋರಿಸಿದರೆ ಅದು ಸುಳ್ಳು ಹೇಳುತ್ತಿದೆ. ಚುಚ್ಚುವಾಗಲೂ ಬದಿಯಿಂದ, ದಪ್ಪ ಭಾಗದ ನಡುಮಧ್ಯಕ್ಕೆ.

ಮೂರನೆಯದು ನಮ್ಮವರಿಗೆ ವಿಶೇಷವಾಗಿ ಕಾಡುವಂಥದ್ದು. ಸುಕ್ಕಾ, ಚಿಲ್ಲಿ ಫ್ರೈ ಮಾಡಿ ಬೆಳೆದ ಕೈಗೆ ಒಂದೇ ನಿಯಮ ಗೊತ್ತು: ಬೀಫ್ ಗಟ್ಟಿ ಇದ್ದರೆ ಕುಕ್ಕರಿಗೆ ಇನ್ನೆರಡು ಸೀಟಿ ಕೊಡು. ಆ ನಿಯಮ ಭುಜದ ಮಾಂಸಕ್ಕೆ ನಿಜ. ಚಕ್ಕಿನಲ್ಲಿ ಕೊಲಾಜೆನ್ ಎಂಬ ಅಂಟು ನಾರು ತುಂಬಾ ಇರುತ್ತದೆ, ನಿಧಾನಕ್ಕೆ 195–205 ಡಿಗ್ರಿ ತನಕ ಕೊಂಡೊಯ್ದರೆ ಅದು ಕರಗಿ ಮಾಂಸ ಬೆಣ್ಣೆಯಾಗುತ್ತದೆ. ಟ್ರೈ-ಟಿಪ್ಪನ್ನೂ ಬ್ರಿಸ್ಕೆಟ್ ಎಂಬ ಎದೆಯ ತುಂಡಿನ ಹಾಗೆ ಗಂಟೆಗಟ್ಟಲೆ ಹೊಗೆಯಲ್ಲಿಟ್ಟು 200ರ ತನಕ ಒಯ್ಯುವವರು ಇದ್ದಾರೆ, ಅದು ಬೇರೆಯೇ ಅಡುಗೆ. ಗ್ರಿಲ್ಲಿನ ಒಂದು ಗಂಟೆಯೊಳಗಿನ ಕೆಲಸದಲ್ಲಿ "ಇನ್ನೂ ಸ್ವಲ್ಪ ಬೇಯಲಿ, ಮೆತ್ತಗಾಗುತ್ತೆ" ಅಂತ ಬಿಟ್ಟರೆ ಅದು 135ರ ಮೃದುತನವನ್ನೂ ಕಳೆದುಕೊಂಡು, 200ರ ಮೃದುತನವನ್ನೂ ಮುಟ್ಟದೆ, ನಡುವೆ 165ರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆ ಉಲ್ಟಾ, ಮಸಾಲೆ ಚಕ್ ರೋಸ್ಟನ್ನು ಟ್ರೈ-ಟಿಪ್ ಅಂದುಕೊಂಡು ತಂದು 135ಕ್ಕೆ ಇಳಿಸಿದರೆ, ಒಳಗೆ ನಾರಿನ ಪಟ್ಟಿಗಳು ಹಾಗೇ ಉಳಿಯುತ್ತವೆ. ಆಗ ಮಾಂಸ ರಸಭರಿತ, ಆದರೂ ಅಗಿಯಲಾಗದು. ಲಕ್ಷಣದ ವ್ಯತ್ಯಾಸ ಅದು: ಒಣ ಗಟ್ಟಿಯಾದರೆ ಬೆಂಕಿ, ರಸ ಇದ್ದೂ ಗಟ್ಟಿಯಾದರೆ ತುಂಡು. ರಸ ಇದ್ದೂ ಗಟ್ಟಿಯಾದದ್ದನ್ನು ಎಸೆಯಬೇಡಿ. ಹೆಚ್ಚಿ, ಈರುಳ್ಳಿ ಟೊಮೆಟೊ ಜೊತೆ ಕುಕ್ಕರಿಗೆ ಹಾಕಿ. ಈಗ ಆ ಸೀಟಿಗಳ ಬುದ್ಧಿ ಕೆಲಸಕ್ಕೆ ಬರುತ್ತದೆ.

ಲಕ್ಷಣ: ಪಿಚಿಪಿಚಿ, ಹಿಟ್ಟು ಹಿಟ್ಟು

ಮೇಲಿನ ಪದರ ಮುದ್ದೆಯಾಗಿ ಫೋರ್ಕಿಗೆ ಅಂಟಿ ಬರುತ್ತದೆ, ಒಳಗೆ ಮಾತ್ರ ಸರಿ ಇದೆ. ಇದು ಮೂಲದಲ್ಲಿ ಪ್ಯಾಕೆಟ್ಟಿನ ದೋಷ, ಬೆಂಕಿಯದ್ದಲ್ಲ. ಕಿಣ್ವ ಅಥವಾ ಹುಳಿ ತುಂಬಾ ದಿನ ಕೆಲಸ ಮಾಡಿದೆ. ಮನೆಯಲ್ಲಿ ಪರಂಗಿಕಾಯಿ ಹಚ್ಚಿ ಎರಡು ಗಂಟೆ ಬಿಡುತ್ತೇವೆ. ಇಲ್ಲಿ ಕಾರ್ಖಾನೆಯಲ್ಲಿ ಹಚ್ಚಿದ ದಿನದಿಂದ ನೀವು ಕವರ್ ಹರಿಯುವ ತನಕ ಅದು ನೆನೆಯುತ್ತಲೇ ಇದೆ. ಫ್ರಿಜ್ಜಿನ ಚಳಿಯಲ್ಲಿ ಕಿಣ್ವ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅದಕ್ಕೇ "ಇವತ್ತೇ ಕೊನೆ ದಿನ, ಅರ್ಧ ಬೆಲೆ" ಎಂಬ ಸ್ಟಿಕ್ಕರ್ ಅಂಟಿಸಿದ ಮಾಂಸ ಮಸಾಲೆ ಇಲ್ಲದ್ದಾದರೆ ಒಳ್ಳೆ ವ್ಯಾಪಾರ, ಕಿಣ್ವದ ಮಸಾಲೆ ಇರುವುದಾದರೆ ಜೂಜು.

ತಂದ ಮೇಲೆ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಅಂತ ಕಾಯಬೇಡಿ. ಮೊಸರು, ನಿಂಬೆ, ವಿನೆಗರ್ ಸೇರಿಸಿ "ನಮ್ಮ ಟಚ್" ಕೊಡಬೇಡಿ. ಮತ್ತೆ, ಕಿಣ್ವ ಇರುವ ಪ್ಯಾಕೆಟ್ಟಿಗೆ ನಾನು ಮೇಲೆ ಹೇಳಿದ ನಿಧಾನ ಬೇಯಿಸುವಿಕೆಯೂ ಅಷ್ಟು ಹೊಂದುವುದಿಲ್ಲ. ಪಪಾಯಿನ್ ಚುರುಕಾಗುವುದೇ 140–160 ಡಿಗ್ರಿಯ ಬೆಚ್ಚಗೆಯಲ್ಲಿ, ಮೇಲ್ಮೈ ಆ ಶಾಖದಲ್ಲಿ ಅರ್ಧ ಗಂಟೆ ಕೂತರೆ ಇನ್ನಷ್ಟು ಮುದ್ದೆ. ಅಂಥದ್ದನ್ನು ಒರೆಸಿ, ಪರೋಕ್ಷ ಶಾಖವನ್ನೇ ಸ್ವಲ್ಪ ಜೋರು ಮಾಡಿ, 350ರ ಹತ್ತಿರ ಇಟ್ಟು ಬೇಗ ಮುಗಿಸಿ.

ಲಕ್ಷಣ: ಹ್ಯಾಮ್ ತಿಂದ ಹಾಗೆ, ಉಪ್ಪು ಉಪ್ಪು

ಪುಟಿಯುವ, ಜಾರುವ, ಒಂದೇ ಸಮನಾದ ಅಗಿತ. ಬೀಫಿನ ಎಳೆಯೇ ಗೊತ್ತಾಗುವುದಿಲ್ಲ. ಇದು ಉಪ್ಪು ಮತ್ತು ಫಾಸ್ಫೇಟ್ ಕೆಲಸ. ಅವು ಮಾಂಸದ ಪ್ರೋಟೀನು ನೀರು ಹಿಡಿದಿಟ್ಟುಕೊಳ್ಳುವ ಹಾಗೆ ಮಾಡುತ್ತವೆ. ಕಾರ್ಖಾನೆಗೆ ಲಾಭ, ಒಣಗದಿರುವುದು ನಿಮಗೂ ಲಾಭ, ಆದರೆ ಸ್ವಭಾವ ಬದಲಾಗಿರುತ್ತದೆ. ಗ್ರಿಲ್ ಮೇಲೆ ಇದನ್ನು ಸರಿ ಮಾಡಲು ಬರುವುದಿಲ್ಲ. ಉಪ್ಪಿಲ್ಲದ ಏನಾದರೂ ಜೊತೆಗೆ ಕೊಡಿ, ಅನ್ನ, ಬರೀ ಬೀನ್ಸ್, ಹಸಿ ಸೌತೆಕಾಯಿ. ಮೇಲೆ ಇನ್ನೊಂದು ಬಾರಿ ಸ್ಟೇಕ್ ಮಸಾಲೆ ಉದುರಿಸುವ ಅಭ್ಯಾಸ ಇದ್ದರೆ ಬಿಡಿ. ಅದರಲ್ಲಿ ಉಪ್ಪೇ ಮೊದಲ ಪದಾರ್ಥ.

ಬೆಲೆಯ ಲೆಕ್ಕವೂ ಇಲ್ಲೇ ಬರುತ್ತದೆ. ಪೌಂಡಿಗೆ 8 ಡಾಲರ್, ಎರಡೂವರೆ ಪೌಂಡಿಗೆ 20 ಡಾಲರ್ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಕವರ್ ಬಿಚ್ಚಿ, ರಸ ಬಸಿದು, ಒರೆಸಿ ತೂಗಿದಾಗ 2.2 ಪೌಂಡ್ ಬಂದರೆ ನಿಜವಾದ ಬೆಲೆ ಪೌಂಡಿಗೆ 9 ಡಾಲರಿಗೂ ಮೇಲೆ. ಒಳಗೆ ಚುಚ್ಚಿದ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪಕ್ಕದ ಸಾಲಿನಲ್ಲಿ ಮಸಾಲೆ ಇಲ್ಲದ ಚಾಯ್ಸ್ ಟ್ರೈ-ಟಿಪ್ ಅದೇ ಬೆಲೆಗೆ ಕೂತಿದ್ದರೆ ಯಾವುದು ಅಗ್ಗ ಅಂತ ನೀವೇ ಹೇಳಿ.

ಲಕ್ಷಣ: ಮೇಲೆ ಖಾರ, ಒಳಗೆ ಸಪ್ಪೆ

ದೋಷ ಅಲ್ಲ. ಮಸಾಲೆಯಲ್ಲಿ ಉಪ್ಪು ಒಂದೇ ಆಳಕ್ಕೆ ಇಳಿಯುವುದು. ಬೆಳ್ಳುಳ್ಳಿ, ಮೆಣಸು, ಸೊಪ್ಪು ಎಷ್ಟು ದಿನ ನೆನೆದರೂ ಮೇಲಿನ ಕೆಲವು ಮಿಲಿಮೀಟರಿನಲ್ಲೇ ಉಳಿಯುತ್ತವೆ. ತೆಳ್ಳಗೆ ಹೆಚ್ಚಿದರೆ ಪ್ರತಿ ತುತ್ತಿಗೂ ಅಂಚು ಸಿಗುತ್ತದೆ. ಮಣೆ ಮೇಲೆ ಬಿದ್ದ ರಸದಲ್ಲಿ ಹೋಳುಗಳನ್ನು ಹೊರಳಾಡಿಸಿ ಬಡಿಸಿ, ಸಾಕು. ಪ್ಯಾಕೆಟ್ಟಿನಲ್ಲಿ ಉಳಿದ ಹಸಿ ಮಸಾಲೆ ನೀರನ್ನು ಮೇಲೆ ಸುರಿಯುವ ಯೋಚನೆ ಇದ್ದರೆ ಮೊದಲು ಅದನ್ನು ಬಾಣಲೆಯಲ್ಲಿ ಚೆನ್ನಾಗಿ ಕುದಿಸಬೇಕು.

ಲಕ್ಷಣ: 160 ತೋರಿಸಿದರೂ ಒಳಗೆ ಗುಲಾಬಿ

ಇದು ಮನೆಯಲ್ಲಿ ಜಗಳ ಹಚ್ಚುವ ಲಕ್ಷಣ. ಅಮ್ಮ ಊರಿಂದ ಬಂದಿದ್ದಾರೆ, ಹೋಳು ನೋಡಿ "ಇದು ಬೆಂದೇ ಇಲ್ಲ ಮಗಾ" ಅನ್ನುತ್ತಾರೆ, ಥರ್ಮಾಮೀಟರ್ ಬೆಂದಿದೆ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫಾಸ್ಫೇಟ್ ಮಾಂಸದ ಹುಳಿಯನ್ನು ತಗ್ಗಿಸುತ್ತದೆ, ಹಾಗಾದಾಗ ಮಾಂಸದ ಕೆಂಪು ಬಣ್ಣ ಜಾಸ್ತಿ ಶಾಖದ ತನಕ ತಡೆದುಕೊಳ್ಳುತ್ತದೆ. ಮಸಾಲೆಯಲ್ಲಿ ಸೆಲರಿ ಪುಡಿಯಿಂದ ಬರುವ ನೈಟ್ರೈಟ್ ಇದ್ದರೂ ಹೀಗಾಗಬಹುದು. ಇನ್ನು ಇದರ ಉಲ್ಟಾ, ಬಣ್ಣ ಕಂದು ಆದರೂ ಬೆಂದಿಲ್ಲದಿರುವುದೂ ಉಂಟು. ಬಣ್ಣ ನೋಡಿ ತೀರ್ಮಾನ ಬೇಡ, ಎರಡು ಮೂರು ಕಡೆ ಚುಚ್ಚಿ ಅತಿ ಕಡಿಮೆ ಬಂದ ಸಂಖ್ಯೆಯನ್ನು ನಂಬಿ. ಅಮ್ಮನ ಪಾಲನ್ನು ತೆಳು ತುದಿಯಿಂದ ಕೊಡಿ, ಅಲ್ಲಿ ಯಾವಾಗಲೂ ಜಾಸ್ತಿ ಬೆಂದಿರುತ್ತದೆ.

ಕವರ್ ಹರಿದ ಕೂಡಲೇ ವಾಸನೆ

ಗಾಳಿ ತೆಗೆದ ಪ್ಯಾಕೆಟ್ ಬಿಚ್ಚಿದಾಗ ಒಂದು ಹುಳಿ ಮುಗ್ಗಲು ವಾಸನೆ ಬರುವುದು ಮಾಮೂಲು. ಫ್ರಿಜ್ಜಿನಲ್ಲಿ ಮುಚ್ಚದೆ ಅರ್ಧ ಗಂಟೆ ಇಡಿ. ಹೋದರೆ ಸರಿ. ಹೋಗದಿದ್ದರೆ, ಕೊಳೆತ ಅಥವಾ ಮೊಟ್ಟೆಯ ವಾಸನೆ ಇದ್ದರೆ, ಒರೆಸಿದ ಮೇಲೂ ಕೈಗೆ ಲೋಳೆ ಅಂಟಿದರೆ, ಅಥವಾ ಬಿಚ್ಚುವ ಮೊದಲೇ ಕವರ್ ಗಾಳಿ ತುಂಬಿ ಉಬ್ಬಿದ್ದರೆ, ರುಚಿ ನೋಡುವ ಸಾಹಸ ಬೇಡ. ಮಸಾಲೆ ಹಚ್ಚಿದ ಮಾಂಸದಲ್ಲಿ ಬಣ್ಣ ಕಾಣುವುದಿಲ್ಲ, ಬೆಳ್ಳುಳ್ಳಿ ವಾಸನೆ ಎಲ್ಲವನ್ನೂ ಮುಚ್ಚುತ್ತದೆ, ಹಾಗಾಗಿ ಅನುಮಾನ ಬಂದರೆ ಎಸೆಯುವ ಗೆರೆ ಸ್ವಲ್ಪ ಹತ್ತಿರವೇ ಇರಲಿ. ಬೆಂದ ಹೋಳಿನ ಮೇಲೆ ಹಸಿರು–ನೇರಳೆ ಹೊಳಪು ಕಂಡರೆ ಮಾತ್ರ ಹೆದರಬೇಡಿ. ಅಡ್ಡ ಕತ್ತರಿಸಿದ ಎಳೆಗಳ ಮೇಲೆ ಬೆಳಕು ಬಿದ್ದು ಹಾಗೆ ಕಾಣುತ್ತದೆ.

ಪಾರ್ಕಿಗೆ ಒಯ್ಯುವವರು ಐಸ್ ಪೆಟ್ಟಿಗೆ ಮರೆಯಬಾರದು. ಹಸಿ ಮಾಂಸ ಫ್ರಿಜ್ಜಿನ ಹೊರಗೆ ಎರಡು ಗಂಟೆ ಮೀರಬಾರದು, ಹೊರಗಿನ ಬಿಸಿ 90 ಡಿಗ್ರಿ ದಾಟಿದರೆ ಒಂದೇ ಗಂಟೆ. ಜುಲೈ ನಾಲ್ಕರ, ಅಂದರೆ ಇಲ್ಲಿನ ಸ್ವಾತಂತ್ರ್ಯ ದಿನದ ಮಧ್ಯಾಹ್ನ ಸ್ಯಾಕ್ರಮೆಂಟೋ ಕಡೆ 90 ದಾಟುವುದು ಮಾಮೂಲು.

ಅಂಗಡಿಗೆ ವಾಪಸ್ ಒಯ್ಯುವುದಾದರೆ

ಪಿಚಿಪಿಚಿ, ಕೆಟ್ಟ ವಾಸನೆ, ಉಬ್ಬಿದ ಕವರ್, ಇವು ಮೂರೂ ನಿಮ್ಮ ತಪ್ಪಲ್ಲ. ಕವರ್, ರಸೀದಿ, ದಿನಾಂಕದ ಚೀಟಿ, ಸಾಧ್ಯವಾದರೆ ಒಂದು ಫೋಟೋ ಇಟ್ಟುಕೊಂಡು ಗ್ರಾಹಕರ ಕೌಂಟರಿಗೆ ಹೋಗಿ. ಜಗಳ ಬೇಡ, ಸುಮ್ನೆ ಏನಾಗಿದೆ ಅಂತ ಹೇಳಿ. ಕರಕಲು, ಒಣ ಗಟ್ಟಿ, ತಪ್ಪು ಕಡೆಗೆ ಹೆಚ್ಚಿದ್ದು, ಇವನ್ನು ಒಯ್ದರೆ ಅವರು ಮುಖ ನೋಡುತ್ತಾರೆ ಅಷ್ಟೇ.

ಮಸಾಲೆ ಹಚ್ಚಿದ್ದೇ ಬೇಕು, ಅರೆಯಲು ಸಮಯವಿಲ್ಲ ಅನ್ನುವವರಿಗೆ ನನ್ನ ಮಾತು: ಹತ್ತಿರದಲ್ಲಿ ಮೆಕ್ಸಿಕನ್ ಮಾಂಸದಂಗಡಿ ಇದ್ದರೆ ಅಲ್ಲಿ ಹೋಗಿ ನೋಡಿ. ಕಾರ್ನೆ ಅಸಾಡ ಎಂಬ ಸುಟ್ಟ ಬೀಫಿನ ಅಡುಗೆಗೆ ಅಂತ ಮಸಾಲೆ ಹಚ್ಚಿದ ಮಾಂಸ ಗಾಜಿನ ಹಿಂದೆ ತಟ್ಟೆಯಲ್ಲಿ ಇರುತ್ತದೆ, ಯಾವಾಗ ಹಚ್ಚಿದ್ದು, ಯಾವ ತುಂಡು ಅಂತ ಕೇಳಿದರೆ ನಿಂತವರು ಹೇಳುತ್ತಾರೆ. ತೆಳುವಾಗಿ ಸೀಳಿರುವುದರಿಂದ ಸಕ್ಕರೆ ಇದ್ದರೂ ಸುಡುವ ಮೊದಲೇ ಬೆಂದುಹೋಗುತ್ತದೆ. ಪ್ಲಾಸ್ಟಿಕ್ಕಿನದನ್ನೇ ತರುವುದಾದರೆ ಪಟ್ಟಿಯಲ್ಲಿ ಕಿಣ್ವ ಇಲ್ಲದ್ದು, ದ್ರಾವಣದ ಶೇಕಡಾ ಕಡಿಮೆ ಇರುವುದು, ಸಾಂಟಾ ಮರಿಯಾ ಹೆಸರಿನಲ್ಲಿ ಬರುವ ಒಣ ಮಸಾಲೆಯದ್ದು ತನ್ನಿ. ಟೆರಿಯಾಕಿ, ಹನಿ ಬಾರ್ಬೆಕ್ಯೂ ಬಣ್ಣದ ಪ್ಯಾಕೆಟ್ಟುಗಳನ್ನು ಓವನ್ ಇರುವವರಿಗೆ ಬಿಟ್ಟುಬಿಡಿ.